ಏರಿನಲ್ಲಿ ನಿಂತ ಕಾರನ್ನು ಕ್ಲಚ್ ಸವೆಯದಂತೆ ಮುಂದಕ್ಕೆ ಹೊರಡಿಸುವುದು ಹೇಗೆ?

ಕೇಳಿದವರು: 1.2 ಲೀಟರ್ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ತಿರುವಿನಲ್ಲಿ ಗಾಡಿಗಳು ಸಾಲುಗಟ್ಟಿದರೆ ಕಷ್ಟ. ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಬಲ್ಲವರು ತಿಳಿಸಿ.

ಡ್ರೈವಿಂಗ್ ಕಲಿಸುವವರು: ಹ್ಯಾಂಡ್ ಬ್ರೇಕ್ ಬಳಸಿ ಸರ್. ನಿಂತ ಕೂಡಲೇ ಪೂರ್ತಿ ಎಳೆದು ನ್ಯೂಟ್ರಲ್ ಮಾಡಿ, ಕ್ಲಚ್‌ನಿಂದ ಕಾಲು ತೆಗೆಯಿರಿ. ಮುಂದಿನ ಗಾಡಿ ಹೊರಟ ಮೇಲೆ ಒಂದನೇ ಗೇರ್ ಹಾಕಿ, 1500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸು ಆಕ್ಸಿಲರೇಟರ್ ಕೊಡಿ. ಕ್ಲಚ್ ನಿಧಾನವಾಗಿ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಎಂಜಿನ್ ಸದ್ದು ಭಾರವಾಗುತ್ತದೆ, ಬಾನೆಟ್ ತುಸು ಏಳುತ್ತದೆ. ಕಾಲನ್ನು ಅಲ್ಲೇ ತಡೆದು ಹ್ಯಾಂಡ್ ಬ್ರೇಕ್ ಇಳಿಸಿ. ಲಿವರನ್ನು ಚೂರು ಮೇಲೆತ್ತಿ ಗುಂಡಿ ಒತ್ತಿದರೆ ಸಲೀಸಾಗಿ ಬಿಡುತ್ತದೆ. ಕಾರು ಹೊರಟಿತೆಂದರೆ ಆಕ್ಸಿಲರೇಟರ್ ಕೊಡುತ್ತಲೇ ಕ್ಲಚ್ ಪೂರ್ತಿ ಬಿಟ್ಟುಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಕಾರು ಹೊರಟ ಮೇಲೂ ಹೆದರಿಕೆಯಿಂದ ಪೆಡಲ್ ಅರ್ಧ ಒತ್ತಿಹಿಡಿದು ಹಾಫ್ ಕ್ಲಚ್‌ನಲ್ಲೇ ಎಳೆಯುತ್ತಾರೆ.

ಮೆಕ್ಯಾನಿಕ್: ಸವೆತ ಸೊನ್ನೆ ಮಾಡಲಾಗದು. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಒಂದು ವೇಗದಲ್ಲಿ, ಗೇರ್ ಕಡೆಯ ಕ್ಲಚ್ ಪ್ಲೇಟ್ ಇನ್ನೊಂದು ವೇಗದಲ್ಲಿ ತಿರುಗುವಷ್ಟು ಹೊತ್ತೂ ಉಜ್ಜಾಟ, ಬಿಸಿ. ಅದು ಒಂದೆರಡು ಸೆಕೆಂಡಿನಲ್ಲಿ ಮುಗಿದರೆ ತೊಂದರೆಯಿಲ್ಲ. 3000 ಆರ್‌ಪಿಎಂಗೆ ಏರಿಸಿ ಕ್ಲಚ್ ಎಳೆದಾಡಿದರೆ ಮಾತ್ರ ಪ್ಲೇಟ್ ಬೇಗ ಸುಡುತ್ತದೆ, ಫ್ಲೈವೀಲ್ ಮೇಲೆ ನೀಲಿ ಕಲೆ ಬೀಳುತ್ತದೆ, ಆಮೇಲೆ ಹೊರಡುವಾಗೆಲ್ಲ ಗಾಡಿ ನಡುಗುತ್ತದೆ. ಒಂದನೇ ಗೇರ್‌ನಲ್ಲಿ ಹಿಂದಕ್ಕೆ ಜಾರುತ್ತಿರುವಾಗ ಕ್ಲಚ್ ಬಿಡುವುದು ಇನ್ನೂ ಕೆಟ್ಟದ್ದು. ಆಗ ಪ್ಲೇಟ್ ಉಲ್ಟಾ ತಿರುಗುತ್ತಿರುತ್ತದೆ. ಮೊದಲು ಅದನ್ನು ನಿಲ್ಲಿಸಿ, ನಂತರ ಮುಂದಕ್ಕೆ ತಿರುಗಿಸಬೇಕು. ಜಾರಿದರೆ ಬ್ರೇಕ್ ಒತ್ತಿ ನಿಲ್ಲಿಸಿ, ಮೊದಲಿನಿಂದ ಶುರುಮಾಡಿ.

ಘಟ್ಟದಲ್ಲಿ ಟ್ಯಾಕ್ಸಿ ಓಡಿಸುವವರು: ಸಾಲು ಅಂಗುಲ ಅಂಗುಲ ಸರಿದಾಗಲೆಲ್ಲ ನೀವೂ ಸರಿಯಬೇಡಿ. ಹತ್ತು ಮೀಟರ್ ಜಾಗ ಬಿಡಲಿ, ಒಂದೇ ಸಲ ಹೋಗಿ. ಒಂದನೇ ಗೇರ್‌ನಲ್ಲಿ ಕಾರು ಗಂಟೆಗೆ ಏಳೆಂಟು ಕಿ.ಮೀ. ವೇಗಕ್ಕೆ ಬಂದರೆ ಕ್ಲಚ್ ಪೂರ್ತಿ ಬಿಡಬಹುದು. ಅದಕ್ಕಿಂತ ನಿಧಾನಕ್ಕೆ ಹೋದರೆ ಹಾಫ್ ಕ್ಲಚ್ ತಪ್ಪದು. ಕಾರಿನ ತುಂಬ ಜನರಿದ್ದರೆ ಹೊರಡುವ ಮುಂಚೆ ಎಸಿ ಆಫ್ ಮಾಡಿ. ಏರಿನಲ್ಲಿ ಬ್ರೇಕನ್ನು ತಾನೇ ಹಿಡಿದಿಡುವ ಹಿಲ್ ಹೋಲ್ಡ್ ಇದ್ದರೂ ಅದು ಬ್ರೇಕ್ ಹಿಡಿದಿರುವುದು ಸುಮಾರು ಎರಡು ಸೆಕೆಂಡ್ ಮಾತ್ರ, ಅದನ್ನೇ ನಂಬಿ ನಿಲ್ಲಬೇಡಿ.

ಕೇಳಿದವರು: ಬ್ರೇಕ್‌ನಿಂದ ಕಾಲು ಸರಕ್ಕನೆ ಆಕ್ಸಿಲರೇಟರ್‌ಗೆ ತಂದರೆ ಆಗದೇ?

ಡ್ರೈವಿಂಗ್ ಕಲಿಸುವವರು: ಡೀಸೆಲ್ ಕಾರು, ಸಣ್ಣ ಏರು ಆದರೆ ಆದೀತು. ಐಡಲ್‌ನಲ್ಲೇ (ಆಕ್ಸಿಲರೇಟರ್ ಒತ್ತದಿದ್ದಾಗಲೂ) ಅದಕ್ಕೆ ಎಳೆಯುವ ಬಲವಿರುತ್ತದೆ. ನಿಮ್ಮ ಪೆಟ್ರೋಲ್ ಎಂಜಿನ್ ಕಡಿದಾದ ತಿರುವಿನಲ್ಲಿ ಆಫ್ ಆಗಿಬಿಡುತ್ತದೆ. ಹ್ಯಾಂಡ್ ಬ್ರೇಕನ್ನೇ ರೂಢಿ ಮಾಡಿಕೊಳ್ಳಿ.

ಮೆಕ್ಯಾನಿಕ್: ಅದಕ್ಕೂ ಮುಂಚೆ ಹ್ಯಾಂಡ್ ಬ್ರೇಕ್ ಏರಿನಲ್ಲಿ ಗಟ್ಟಿಯಾಗಿ ಹಿಡಿಯುತ್ತದೆಯೇ ನೋಡಿಸಿ. ಲಿವರ್ ತೀರಾ ಮೇಲಕ್ಕೆ ಬರುತ್ತಿದ್ದರೆ ಹಿಂದಿನ ಬ್ರೇಕ್ ಶೂ ಮತ್ತು ಕೇಬಲ್ ಅಡ್ಜಸ್ಟ್ ಮಾಡಿಸಬೇಕು. ಇನ್ನು ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಆರಲು ಬಿಡಿ. ಆಮೇಲೆ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ ಎಂದೇ ಅರ್ಥ, ಘಟ್ಟ ಹತ್ತುವ ಮೊದಲು ಬದಲಿಸಿ.