ಮಳಿ ನಿಂತೈತೋ, ಬಿಡುವು ಕೊಟ್ಟೈತೋ?

ಜಮಖಂಡಿ ಕಾಕಾ: ಇಂಗ್ಲಿಷ್ ಕಲಿಯೂ ಹುಡುಗುರಿಗಂತ ಗ್ರೂಪ್‌ನ್ಯಾಗ ಒಂದ ಚಿತ್ರಾ ಹಾಕೀನಿ ನೋಡ್ರಿ. 'ಲೆಟ್ ಅಪ್' (let up) ಅಂದ್ರ ನಿಂತುಹೋಗು ಅಂತ ಅದರಾಗ ಬರದೀನಿ. ಹುಡುಗುರೆಲ್ಲಾ ಬಾಯಿಪಾಠ ಮಾಡ್ರಿ.

ಖಾನಾಪುರ ಅಕ್ಕ: ಕಾಕಾ, ಅದು ಅರ್ಧಾ ಖರೆ. ಜೋರ ಕಡಿಮಿ ಆದ್ರೂ ಹಂಗ ಅಂತಾರ. ಇಲ್ಲೆ ನಾಕ ದಿನದಿಂದ ಮಳಿ ಜಡದೈತಿ. ಈಗ ಹನಿ ಸಣ್ಣಾಗ್ಯಾವ, ಆದ್ರ ನಿಂತಿಲ್ಲ. 'ದ ರೇನ್ ಹ್ಯಾಜ್ ಲೆಟ್ ಅಪ್ ಎ ಬಿಟ್' ಅಂದ್ರ ಇದ.

ಜಮಖಂಡಿ ಕಾಕಾ: ಡಿಕ್ಷನರಿಯೊಳಗ 'ನಿಲ್ಲು' ಅಂತ ಐತೆವಾ. ನಾನೂ ನೋಡೀನಿ.

ಖಾನಾಪುರ ಅಕ್ಕ: ಎರಡೂ ಕೊಟ್ಟಿರತಾರ್ರಿ, ಹಿಂದಮುಂದಿನ ಮಾತ ನೋಡಿ ತಿಳಕೋಬೇಕು. ನಮ್ಮ 'ಬಿಡುವು' ಇಟ್ಟು ನೋಡ್ರಿ, ಎಷ್ಟ ಚಂದ ಕೂಡತೈತಿ! 'ಲೆಟ್' ಅಂದ್ರೂ ಬಿಡು ಅಂತನ. 'ಮಳಿ ಬಿಡುವು ಕೊಡವಲ್ದು' ಅಂತೀವಲ್ಲ, ಅದು 'ದ ರೇನ್ ವೋಂಟ್ ಲೆಟ್ ಅಪ್'. ಬಿಟ್ಟೂಬಿಡದ ಹೊಡದ್ರ 'ವಿದೌಟ್ ಲೆಟ್-ಅಪ್'. ಅಲ್ಲೆ ಅದು ನಾಮಪದ, ನಡುವ ಸಣ್ಣ ಗೀಟ ಹಾಕತಾರ. ಹೆಚ್ಚಾಗಿ 'ಇಲ್ಲ' ಅನ್ನೂ ಮಾತಿನ ಜೋಡಿನ ಈ ಪದಾ ಬರತೈತಿ.

ವಿಜಯಪುರ ತಮ್ಮ: ಅಕ್ಕಾ, ನಮ್ಮ ಸಾಹೇಬ್ರು ಮೊನ್ನೆ 'ಡೋಂಟ್ ಲೆಟ್ ಅಪ್ ನೌ' ಅಂತ ಮೇಲ್ ಹಾಕಿದ್ರು. ಬೈದಾರೇನೋ ಅಂತ ನಿದ್ದಿ ಹತ್ತಲಿಲ್ಲ.

ಖಾನಾಪುರ ಅಕ್ಕ: ಬೈದಿಲ್ಲೋ. ಛಲೋ ನಡಸೀದಿ, ಈಗ ಕೈ ಸಡ್ಲ ಬಿಡಬ್ಯಾಡ ಅಂದಾರ. 'ಸ್ಲ್ಯಾಕ್ ಆಫ್' ಮಾಡಾಕತ್ತಿ ಅಂದಿದ್ರ ಬೈದಂಗ. ಅದು ಮೈಗಳ್ಳರಿಗೆ ಅನ್ನೂ ಮಾತು.

ಬಾಗಲಕೋಟಿ ಅತ್ತಿ: 'ಈಜ್ ಆಫ್' ಅಂದ್ರ?

ಖಾನಾಪುರ ಅಕ್ಕ: ಮೆಲ್ಲಕ ಕಡಿಮಿ ಆಗೂದು ಅತ್ತಿ, ಗುಳಿಗಿ ತಗೊಂಡಮ್ಯಾಲ ಮೊಣಕಾಲ ನೋವು ಇಳದಂಗ.

ಜಮಖಂಡಿ ಕಾಕಾ: ಎಲ್ಲಾ ಖರೆ. ಆದ್ರ ಸಣ್ಣ ಹುಡುಗುರಿಗೆ ಒಂದ ಅರ್ಥ ಸಾಕವಾ. ಚಿತ್ರಾ ಇರಲಿ.

ಖಾನಾಪುರ ಅಕ್ಕ: ಸಾಲೂದಿಲ್ಲ ಕಾಕಾ. 2019ರ ಆಗಸ್ಟ್‌ನ್ಯಾಗ ಘಟಪ್ರಭಾ, ಮಲಪ್ರಭಾ ಹೊಳಿ ಹೆಂಗ ತುಂಬಿ ಬಂದಿದ್ದೂವು ನೆನಸ್ರಿ. ಮಲಪ್ರಭಾ ಹುಟ್ಟೂದು ನಮ್ಮ ತಾಲೂಕಿನ ಕಣಕುಂಬ್ಯಾಗ, ಇಲ್ಲಿ ಮಳಿ ಜೋರಾದ್ರ ಕೆಳಗ ಹೊಳಿ ಏರತೈತಿ. ಇಲ್ಲಿ ಮಳಿ 'ಲೆಟ್ ಅಪ್' ಆಗೇತಿ ಅಂತ ನಾ ಬರದ್ರ, ಪೂರ್ತಿ ನಿಂತೈತಿ ಅಂತ ಓದಿ ಯಾರರೆ ಹೊಳಿದಂಡಿ ಹೊಲಕ್ಕ ಹೋದ್ರ ಹೆಂಗ್ರಿ?

ಬಾಗಲಕೋಟಿ ಅತ್ತಿ: ಅಕಿ ಹೇಳೂದು ಬರೋಬ್ಬರಿ ಐತಿ.

ಜಮಖಂಡಿ ಕಾಕಾ: ಆತು, ಚಿತ್ರಾ ತಗದೀನಿ. 'ಲೆಟ್ ಅಪ್: ಬಿಡುವು ಕೊಡು, ಜೋರ ಕಡಿಮಿ ಆಗು, ನಿಲ್ಲು' ಅಂತ ಬರದು ಹಾಕತೀನಿ. ಈಗ ಹೆಂಗೈತಿ ಮಳಿ?

ಖಾನಾಪುರ ಅಕ್ಕ: ಮತ್ತ ಜೋರ ಹಿಡದೈತಿ ನೋಡ್ರಿ.