ಅಪ್‌ಡೇಟ್: ಮೂರು ಕಂಪ್ಯೂಟರ್‌ಗಳಲ್ಲಿ ಹಂಚಿ ಬ್ಲೆಂಡರ್ ರೆಂಡರ್, ಕೊನೆಗೂ ಆಯಿತು

ಬ್ಲೆಂಡರ್ ಎಂಬ 3ಡಿ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಮಾಡಿದ ಒಂದೇ ಅನಿಮೇಷನ್ನನ್ನು ಮೂರು ಕಂಪ್ಯೂಟರ್‌ಗಳಿಗೆ ಹಂಚಿ ಕಮಾಂಡ್ ಲೈನ್‌ನಿಂದ (ಟೈಪ್ ಮಾಡಿ ಕೊಡುವ ಆದೇಶದಿಂದ) ರೆಂಡರ್ ಮಾಡುವುದು, ಅಂದರೆ ಅಂತಿಮ ಚಿತ್ರಗಳಾಗಿ ತೆಗೆಯುವುದು ಹೇಗೆ, ಫ್ರೇಮುಗಳು ಬೇರೆ ಫೋಲ್ಡರಿಗೆ ಹೋಗುತ್ತಿವೆ, ಕೆಲವು ಗುಲಾಬಿ ಬಣ್ಣಕ್ಕೆ ತಿರುಗಿವೆ ಎಂದು ಕೇಳಿದ್ದೆ. ಈಗ ಎಲ್ಲ ಸರಿಹೋಗಿದೆ, ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮುಖ್ಯವಾಗಿ ಕೆಲಸಕ್ಕೆ ಬಂದದ್ದು "ಆಯ್ಕೆಗಳ ಕ್ರಮ ನೋಡಿ" ಎಂದವರ ಮಾತು. ಬ್ಲೆಂಡರ್ ಕಮಾಂಡನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಪಾಲಿಸುತ್ತದೆ. ಔಟ್‌ಪುಟ್ ಜಾಗ, ಮೊದಲ ಫ್ರೇಮ್, ಕೊನೆಯ ಫ್ರೇಮ್ ಎಲ್ಲ ಮೊದಲು ಬರಬೇಕು. ಅನಿಮೇಷನ್ ರೆಂಡರ್ ಮಾಡು ಎನ್ನುವ 'ಮೈನಸ್ ಎ' ಅವುಗಳ ನಂತರ. 'ಮೈನಸ್ ಎ' ಆದ ನಂತರ ಬರೆದ ಸೆಟ್ಟಿಂಗ್ ಆ ರೆಂಡರಿಗೆ ಲೆಕ್ಕಕ್ಕೇ ಇಲ್ಲ.

ಫ್ರೇಮ್ ಹಂಚಿಕೆಗೆ ಓವರ್‌ರೈಟ್ (ಇರುವ ಫೈಲ್ ಮೇಲೆ ಮತ್ತೆ ಬರೆಯುವುದು) ಆಫ್, ಪ್ಲೇಸ್‌ಹೋಲ್ಡರ್ (ಫ್ರೇಮ್ ಶುರುವಾದಾಗಲೇ ಅದರ ಹೆಸರಲ್ಲಿ ಖಾಲಿ ಫೈಲ್ ಇಡುವುದು) ಆನ್ ಮಾಡಿ ಮೂರೂ ಕಂಪ್ಯೂಟರ್‌ಗಳಿಗೆ ಒಂದೇ ನೆಟ್‌ವರ್ಕ್ ಫೋಲ್ಡರ್ ಕೊಟ್ಟೆ. ಒಂದು ಮೆಷಿನ್ ಹಿಡಿದ ಫ್ರೇಮನ್ನು ಇನ್ನೊಂದು ಬಿಟ್ಟು ಮುಂದಕ್ಕೆ ಹೋಗುತ್ತದೆ. ವೇಗದ ಮೆಷಿನ್ ತಾನಾಗಿಯೇ ಹೆಚ್ಚು ಫ್ರೇಮ್ ಮುಗಿಸುತ್ತದೆ, ಇದು ನನಗೆ ಬಹಳ ಇಷ್ಟವಾಯಿತು.

ಗುಲಾಬಿ ಬಣ್ಣ ಎಂದರೆ ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹಚ್ಚುವ ಚಿತ್ರ) ಸಿಕ್ಕಿಲ್ಲ ಎಂದರ್ಥ. ಎಲ್ಲವನ್ನೂ ಪ್ಯಾಕ್ ಮಾಡಿ (ಬ್ಲೆಂಡರ್ ಫೈಲಿನೊಳಗೇ ಸೇರಿಸಿ) ಎಂಬ ಸಲಹೆ ನನಗೆ ಪೂರ್ತಿ ಫಲಿಸಲಿಲ್ಲ, ವಿಡಿಯೊ ಟೆಕ್ಸ್ಚರ್ ಪ್ಯಾಕ್ ಆಗುವುದಿಲ್ಲ. ಟೆಕ್ಸ್ಚರ್‌ಗಳನ್ನೂ ಹಂಚಿದ ಫೋಲ್ಡರಿಗೇ ಹಾಕಿ ಪಾಥ್‌ಗಳನ್ನು ರಿಲೇಟಿವ್ (ಬ್ಲೆಂಡರ್ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುವ ವಿಳಾಸ) ಮಾಡಿದ ಮೇಲೆ ಸರಿಯಾಯಿತು. ರೆಂಡರ್ ಕೆಲಸವನ್ನು ಹಲವು ಮೆಷಿನ್‌ಗಳಿಗೆ ಹಂಚುವ ಫ್ಲಮೆಂಕೊ ಸಾಫ್ಟ್‌ವೇರ್ ಹಾಕಿ ಅಂತಲೂ ಕೆಲವರು ಅಂದಿದ್ದರು. ಮೆಷಿನ್ ಜಾಸ್ತಿಯಾದರೆ ಖಂಡಿತ ನೋಡುವೆ.

ನನಗೆ ಗೊತ್ತೇ ಇರದಿದ್ದ ಸಂಗತಿ ಇದು: ನಡುವೆ ಕರೆಂಟ್ ಹೋದರೆ ಆ ಫ್ರೇಮಿನ 0 ಬೈಟ್ ಫೈಲ್ ಹಾಗೇ ಉಳಿಯುತ್ತದೆ. ಮುಂದಿನ ಸಲ ಅದನ್ನು ಮುಗಿದ ಫ್ರೇಮ್ ಎಂದು ಎಲ್ಲ ಮೆಷಿನ್‌ಗಳೂ ದಾಟಿಬಿಡುತ್ತವೆ. ಅಂಥ ಖಾಲಿ ಫೈಲ್‌ಗಳನ್ನು ಹುಡುಕಿ ಅಳಿಸಿ, ಅದೇ ಕಮಾಂಡ್ ಮತ್ತೆ ಓಡಿಸಿ.