ಪದಚರ್ಚೆ: ಕಂಬದ ಮೇಲಿರುವುದೆಲ್ಲ ‘ತೊಲೆ’ಯೇ?

ಪ್ರಶ್ನೆ:
ವಿಡಿಯೊ ಗೇಮ್‌ಗಾಗಿ ಪ್ರಾಚೀನ ಗ್ರೀಕ್, ರೋಮನ್ ಗುಡಿಗಳನ್ನು ಬಿಡಿ ತುಂಡುಗಳಾಗಿ ಮಾಡೆಲ್ ಮಾಡಿ ಜೋಡಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕಂಬದ ನೆತ್ತಿಯಿಂದ ಚಾವಣಿಯ ಅಂಚಿನವರೆಗಿನ ಎಂಟಾಬ್ಲೇಚರ್‌ಗೆ ‘ತೊಲೆ’ ಸಾಕೇ? ಕಂಬದ ನೆತ್ತಿಯ ಕ್ಯಾಪಿಟಲ್‌ಗೆ ‘ಬೋದಿಗೆ’, ಗುಡಿ ನಿಂತ ಎತ್ತರದ ಕಟ್ಟೆಯಾದ ಪೋಡಿಯಂಗೆ ‘ಜಗತಿ’, ದೇವರ ಮೂರ್ತಿಯಿರುವ ಒಳಕೋಣೆಯಾದ ಸೆಲ್ಲಾಗೆ ‘ಗರ್ಭಗುಡಿ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇವೆ. ಫ್ಲೂಟಿಂಗ್ (ಕಂಬದ ಮೈಮೇಲೆ ಮೇಲಿಂದ ಕೆಳಗೆ ಕೊರೆದ ಸಾಲುಗಳು), ಎಂಟಾಸಿಸ್‌ (ಕಂಬದ ಬದಿಯ ತೆಳು ಬಾಗು) ಇವುಗಳಿಗೆ ಪದ ಬೇಕು.

ಉತ್ತರ 1:
‘ತೊಲೆ’ ಬೇಡ, ಅದು ಒಂದು ಭಾಗದ ಹೆಸರು. ಕಂಬದಿಂದ ಕಂಬಕ್ಕೆ ಹಾಸಿದ ಆರ್ಕಿಟ್ರೇವ್ ನಿಜವಾದ ತೊಲೆ. ಅದರ ಮೇಲಿನ ಫ್ರೀಜ್ ‘ಪಟ್ಟಿಕೆ’, ಹೊರಚಾಚಿದ ಕಾರ್ನಿಸ್ ‘ಸೂರಂಚು’. ಮೂರೂ ಸೇರಿದ್ದನ್ನು ಎಂಟಾಬ್ಲೇಚರ್ ಎಂದೇ ಬಿಡಿ. ‘ಮೇಲ್ಕಟ್ಟು’ ಅಂದರೆ ಬಟ್ಟೆಯ ವಿತಾನ ನೆನಪಾಗುತ್ತದೆ.

ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಕಲಿಯುವವರು ಒಂದೇ ಮೆಶ್ (3ಡಿ ಆಕಾರ) ಮಾಡಿ ಬೇಕಾದ ಉದ್ದಕ್ಕೆ ಎಳೆಯುತ್ತಾರೆ. ತೊಲೆ ಎಳೆದರೆ ಕೆಡದು. ಡೋರಿಕ್ (ಗ್ರೀಕರ ಸರಳ ಕಂಬಶೈಲಿ) ಪಟ್ಟಿಕೆ ಕೆಡುತ್ತದೆ, ಏಕೆಂದರೆ ಅದರಲ್ಲಿ ಉದ್ದಗೀರುಗಳ ಹಲಗೆಯಾದ ಟ್ರೈಗ್ಲಿಫ್ (‘ಮುಗ್ಗೀರು’ ಎನ್ನೋಣ) ಮತ್ತು ಎರಡು ಮುಗ್ಗೀರುಗಳ ನಡುವಿನ ಫಲಕವಾದ ಮೆಟೊಪಿ (‘ಚೌಕ’) ಒಂದಾದ ಮೇಲೊಂದು ಬರುತ್ತವೆ. ಪ್ರತಿ ಕಂಬದ ನಡುಗೆರೆಯ ನೇರಕ್ಕೆ ಒಂದು ಮುಗ್ಗೀರು, ಎರಡು ಕಂಬಗಳ ನಡುವೆ ಇನ್ನೊಂದು. ಮೂಲೆಯಲ್ಲಿ ಮಾತ್ರ ಗ್ರೀಕರು ಅದನ್ನು ಪಟ್ಟಿಕೆಯ ತುದಿಗೇ ಸರಿಸುತ್ತಾರೆ. ತೊಲೆಯ ದಪ್ಪ ಮುಗ್ಗೀರಿನ ಅಗಲಕ್ಕಿಂತ ಹೆಚ್ಚಾದ್ದರಿಂದ ಅದು ಕಂಬದ ನಡುಗೆರೆ ಬಿಟ್ಟು ಹೊರಗೆ ಹೋಗುತ್ತದೆ. ಪಕ್ಕದ ಚೌಕ ಹಿಗ್ಗಬಾರದೆಂದು ಕಂಬಗಳ ಅಂತರವನ್ನೇ ಅಲ್ಲಿ ಕಿರಿದು ಮಾಡುತ್ತಾರೆ. ಅಥೆನ್ಸಿನ ಪಾರ್ಥೆನಾನ್ ಗುಡಿಯಲ್ಲಿ (ಕ್ರಿ.ಪೂ. 447–432) ಕಂಬದ ನಡುವಿನಿಂದ ನಡುವಿಗೆ ಸುಮಾರು 4.3 ಮೀಟರ್, ಮೂಲೆಯಲ್ಲಿ ಸುಮಾರು 3.7. ಎಲ್ಲವನ್ನೂ ಸಮ ಅಂತರದಲ್ಲಿ ನಕಲಿಸುತ್ತ ಹೋದರೆ ಮೂಲೆಯಲ್ಲಿ ಅರೆಚೌಕ ಉಳಿಯುತ್ತದೆ. ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಆ ಅರೆಚೌಕವನ್ನೇ ನಿಯಮವೆಂದು ಬರೆದ. ಹಾಗಾಗಿ ಗ್ರೀಕ್ ಮೂಲೆತುಂಡು, ರೋಮನ್ ಮೂಲೆತುಂಡು ಬೇರೆಬೇರೆ ಫೈಲ್ ಆಗಿರಲಿ. ತಾಳೆ ನೋಡಲು ಎಣಿಸಿ: ಪಾರ್ಥೆನಾನ್ ಮುಂಭಾಗದಲ್ಲಿ 8 ಕಂಬಕ್ಕೆ 14 ಚೌಕ, ಪಕ್ಕದಲ್ಲಿ 17 ಕಂಬಕ್ಕೆ 32, ನಾಲ್ಕೂ ಕಡೆ ಸೇರಿ 92.

‘ಬೋದಿಗೆ’ ನಮ್ಮ ಗುಡಿಗಳಲ್ಲಿ ತೊಲೆಯತ್ತ ತೋಳು ಚಾಚುತ್ತದೆ. ಡೋರಿಕ್‌ನಲ್ಲಿ ತೋಳಿಲ್ಲ, ದುಂಡನೆಯ ಉಬ್ಬು, ಅದರ ಮೇಲೊಂದು ಚಚ್ಚೌಕ ಹಲಗೆ ಅಷ್ಟೆ. ಹಲಗೆಗೆ ಶಿಲ್ಪಶಾಸ್ತ್ರದ ‘ಫಲಕ’ ಚೆನ್ನಾಗಿ ಕೂರುತ್ತದೆ. ಇಡಿಯಾಗಿ ‘ಕಂಬದ ತಲೆ’ ಎನ್ನಿ.

ಬೇಲೂರಿನ ಜಗತಿ ಗೋಡೆಯಿಂದಾಚೆ ಹರಡಿಕೊಂಡಿದೆ, ಅದರ ಮೇಲೆಯೇ ಸುತ್ತು ಬರಬಹುದು. ಫ್ರಾನ್ಸಿನ ನೀಮ್‌ನಲ್ಲಿರುವ ಮೇಜೋಂ ಕಾರೆಯಂಥ ರೋಮನ್ ಗುಡಿಯ ಪೋಡಿಯಂ ಗೋಡೆಯ ನೇರಕ್ಕೇ ನಿಲ್ಲುತ್ತದೆ, ಮೆಟ್ಟಿಲು ಮುಂದೆ ಮಾತ್ರ. ‘ಅಧಿಷ್ಠಾನ’ ಹತ್ತಿರದ ಪದ. ಪಾರ್ಥೆನಾನ್‌ಗೆ ಎರಡೂ ಒಪ್ಪುವುದಿಲ್ಲ, ಅಲ್ಲಿ ಸುತ್ತಲೂ ಮೂರು ಮೆಟ್ಟಿಲು, ಒಂದೊಂದೂ ಅರ್ಧ ಮೀಟರಿಗಿಂತ ತುಸು ಎತ್ತರ. ಗೇಮ್ ಕಟ್ಟುವ ತಂತ್ರಾಂಶವಾದ ಅನ್ರಿಯಲ್ ಎಂಜಿನ್‌ನಲ್ಲಿ ಪಾತ್ರ ತಾನಾಗಿ ಹತ್ತುವ ಎತ್ತರ ಮೊದಲೇ 45 ಸೆಂ.ಮೀ.ಗೆ ನಿಗದಿಯಾಗಿರುತ್ತದೆ, ಆಟಗಾರ ಮೊದಲ ಮೆಟ್ಟಿಲಲ್ಲೇ ಸಿಕ್ಕಿಕೊಳ್ಳುತ್ತಾನೆ. ಮೆಟ್ಟಿಲನ್ನು ಕುಗ್ಗಿಸಬೇಡಿ, ಇಡೀ ಗುಡಿಯ ಅಳತೆ ಸುಳ್ಳಾಗುತ್ತದೆ. ಬಾಗಿಲಿನ ನೇರಕ್ಕೆ ನಡುನಡುವೆ ಕಿರುಮೆಟ್ಟಿಲು ಸೇರಿಸಿ. ಗ್ರೀಕರು ಮಾಡಿದ್ದೂ ಅದನ್ನೇ.

‘ಗರ್ಭಗುಡಿ’ ಅಂದರೆ ಕತ್ತಲೆಯ ಚಿಕ್ಕ ಕೋಣೆ ಕಣ್ಣಿಗೆ ಬರುತ್ತದೆ. ಪಾರ್ಥೆನಾನ್‌ನದು ಎರಡು ಅಂತಸ್ತಿನ ಕಂಬಸಾಲಿರುವ ದೊಡ್ಡ ಹಜಾರ. ‘ಒಳಗುಡಿ’ ಸಾಕು.

ಉತ್ತರ 2:
ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಉಳಿದೆರಡು ಪದಗಳ ಬಗ್ಗೆ ಹೇಳುತ್ತೇನೆ. ಫ್ಲೂಟಿಂಗ್‌ಗೆ ‘ತೋಡು’. (ಕರಾವಳಿಯವರಿಗೆ ನೀರಿನ ತೋಡು ನೆನಪಾದರೆ ಆಗಲಿ, ಆಕಾರ ಅದೇ.) ಡೋರಿಕ್ ಕಂಬಕ್ಕೆ ಸಾಮಾನ್ಯವಾಗಿ 20 ತೋಡು, ಎರಡು ತೋಡು ಕೂಡುವಲ್ಲಿ ಚೂಪು ಏಣು. ಇನ್ನೆರಡು ಕಂಬಶೈಲಿಗಳಾದ ಅಯೋನಿಕ್, ಕೊರಿಂಥಿಯನ್‌ಗೆ 24, ನಡುವೆ ಚಪ್ಪಟೆ ಪಟ್ಟಿ. ಕಣ್ಣೆದುರಿನ ಮಾದರಿಗೆ ತೋಡೊಂದಕ್ಕೆ 4 ಮುಖ, ಕಂಬದ ಸುತ್ತಲೂ 80. ಏಣಿನ ಎಡ್ಜ್‌ಗಳನ್ನು ಶಾರ್ಪ್ ಎಂದು ಗುರುತಿಸಿ. ನಾರ್ಮಲ್ ಮ್ಯಾಪ್ (ಮೇಲ್ಮೈಯ ಏರಿಳಿತ ತೋರಿಸುವ ಚಿತ್ರ) ಬೇಕ್ ಮಾಡುವುದಿದ್ದರೆ ಯುವಿಯನ್ನೂ (ಮಾಡೆಲ್‌ನ ಮೈಯನ್ನು ಚಪ್ಪಟೆಯಾಗಿ ಬಿಡಿಸಿದ ನಕ್ಷೆ) ಅಲ್ಲೇ ಕತ್ತರಿಸಿ. ಏಣನ್ನು ಶಾರ್ಪ್ ಮಾಡದಿದ್ದರೆ ನೆರಳು ಮೆತ್ತಗಾಗಿ ಕಲ್ಲು ಪರದೆಯ ನೆರಿಗೆಯಂತೆ ಕಾಣುತ್ತದೆ. ದೂರದ ಎಲ್‌ಒಡಿಗೂ (ದೂರದಿಂದ ಕಾಣುವಾಗ ಬಳಸುವ ಹಗುರ ಮಾಡೆಲ್) 20 ಮುಖವನ್ನೇ ಇಡಿ. 16ಕ್ಕೆ ಇಳಿಸಿದರೆ ಏಣುಗಳು ಜಾಗ ಬದಲಿಸಿ, ಹತ್ತಿರ ಹೋದಾಗ ಕಂಬ ತಿರುಗಿದಂತೆ ತೋರುತ್ತದೆ.

ಎಂಟಾಸಿಸ್‌ಗೆ ‘ಉಬ್ಬು’ ಎನ್ನುವುದು ಅಪಾಯ. ಆ ಪದ ಓದಿದವರು ಕಂಬಕ್ಕೆ ಹೊಟ್ಟೆ ಬರಿಸುತ್ತಾರೆ. ಪಾರ್ಥೆನಾನ್ ಕಂಬ ಸುಮಾರು 10.4 ಮೀಟರ್ ಎತ್ತರ. ಬುಡದ ವ್ಯಾಸ ಸುಮಾರು 1.9, ಮೇಲೆ ಹೋಗುತ್ತ ಸುಮಾರು 1.5ಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಅಗಲ ಬುಡವೇ. ಅಲ್ಲಿಂದ ನೆತ್ತಿಗೆ ಎಳೆದ ನೇರ ಗೆರೆಯಿಂದ ಬದಿ ಹೊರಬಾಗುವುದು 2 ಸೆಂ.ಮೀ. ಕೂಡ ಇಲ್ಲ. ‘ನಸುಬಾಗು’ ಎನ್ನಿ. ಎತ್ತರಕ್ಕೆ ಆರೆಂಟು ಲೂಪ್ (ಕಂಬವನ್ನು ಸುತ್ತುವ ಎಡ್ಜ್ ಸಾಲು) ಸಾಕು.

ಇನ್ನೊಂದು: ರೋಮಿನ ಪ್ಯಾಂಥಿಯಾನ್ ಮುಖಮಂಟಪದ 16 ಕಂಬಗಳು ಈಜಿಪ್ಟಿನ ಗ್ರಾನೈಟ್‌ನ ಏಕಶಿಲೆಗಳು, ಅವಕ್ಕೆ ತೋಡೇ ಇಲ್ಲ. ಕೊರಿಂಥಿಯನ್ ತಲೆ ಕಂಡ ಕೂಡಲೇ 24 ತೋಡಿನ ತುಂಡನ್ನು ಅಲ್ಲಿ ತಂದು ನಿಲ್ಲಿಸಬೇಡಿ.